ಬಾಣಂತಿ ಸಾಮಾನು

ವೂಚ್, ಪೋಲೆಂಡ್
20 ಸೆಪ್ಟೆಂಬರ್ 1987

ಪ್ರೀತಿಯ ಅಮ್ಮ,

ನಿನ್ನ ಕಾಗದ ಬಂತು. ಏನು ತಿನ್ನುತ್ತಿದ್ದೀಯ ಎಂದು ಮೇಲಿಂದ ಮೇಲೆ ಕೇಳಿದ್ದೀಯ, ಹೇಗಿದ್ದೀಯ ಎಂದು ಒಂದು ಸಲವೂ ಕೇಳಿಲ್ಲ. ನಿನಗೆ ಎರಡೂ ಒಂದೇ ಎಂದು ಗೊತ್ತಿರುವುದರಿಂದ ಊಟದ ವಿಚಾರವನ್ನೇ ಬರೆಯುತ್ತೇನೆ.

ಇಲ್ಲಿ ಹೆಗ್ಗೆಣಸು ಇಲ್ಲ, ಮರಗೆಣಸು ಇಲ್ಲ, ತಾಳೆಣ್ಣೆಯ ಹೆಸರನ್ನೇ ಯಾರೂ ಕೇಳಿಲ್ಲ. ನಿನ್ನ ಅಳಿಯ ಒಬಿಯೋರಾ ನನಗಿಂತ ಮೊದಲೇ ಬಂದವನಲ್ಲವೇ, ಬಟ್ಟೆ ಗಿರಣಿಯ ಎಂಜಿನಿಯರಿಂಗ್ ಓದುತ್ತ ಓದುತ್ತ ಅಡುಗೆಯ ಕಳ್ಳದಾರಿಗಳನ್ನೂ ಕಲಿತಿದ್ದಾನೆ. ರವೆಗೆ ಆಲೂಗಡ್ಡೆ ಹಿಟ್ಟು ಸೇರಿಸಿ ಕುದಿನೀರಿನಲ್ಲಿ ತಿರುವಿದರೆ ಮುದ್ದೆಯಾಗುತ್ತದೆ. ಕಣ್ಣು ಮುಚ್ಚಿ ನುಂಗಿದರೆ ನಮ್ಮ ಮುದ್ದೆಯೇ, ಕಣ್ಣು ಬಿಟ್ಟರೆ ಗೋಡೆಗೆ ಕಾಗದ ಅಂಟಿಸುವ ಸರಿ. ಎಗೂಸಿ ಬೀಜಕ್ಕೆ ಬದಲು ಕುಂಬಳದ ಬೀಜ. ಇಲ್ಲಿನವರು ಅದನ್ನು ಪಾರ್ಕಿನ ಬೆಂಚಿನ ಮೇಲೆ ಕೂತು ಸಿಪ್ಪೆ ಉಗುಳುತ್ತ ತಿನ್ನುತ್ತಾರೆ, ನಾವು ಅರೆದು ಸಾರು ಮಾಡುತ್ತೇವೆ. ಖಾರಕ್ಕೆ ನಮ್ಮ ಹಾಸ್ಟೆಲಿನ ಮೇಲಿನ ಮಹಡಿಯ ವಿಯೆಟ್ನಾಂ ಹುಡುಗಿಯರೇ ಗತಿ. ನಾನು ಅವರ ಲಂಗ ಹೊಲಿದುಕೊಡುತ್ತೇನೆ, ಅವರು ಹಿಡಿ ಒಣಮೆಣಸಿನಕಾಯಿ ಕೊಡುತ್ತಾರೆ.

ಹೋದ ವಾರ ಸಂತೆಯಲ್ಲಿ ಹಸಿರು ಸೊಪ್ಪು ಕಂಡು ಎರಡು ಕಟ್ಟು ತಂದೆ. ನಮ್ಮ ಉಗು ಸೊಪ್ಪಿನ ಹಾಗೇ ಇತ್ತು. ಎಗೂಸಿಗೆ ಹಾಕಿ, ಇಲ್ಲಿ ಓದುವ ನಮ್ಮೂರ ಹುಡುಗರನ್ನೂ ಊಟಕ್ಕೆ ಕರೆದೆ. ಒಬಿಯೋರಾ ಮೊದಲ ತುತ್ತು ನುಂಗಿ ನನ್ನ ಮುಖ ನೋಡಿದ.

"ಇದೇನೇ ಇದು, ಎಗೂಸಿನಾ ಹುಣಸೇಹಣ್ಣಾ?"

ಅದು ಇಲ್ಲಿನ ಹುಳಿಸೊಪ್ಪಂತೆ! ಹುಡುಗರು ಮಾತಾಡದೆ ತಿಂದು ಬಟ್ಟಲು ನೆಕ್ಕಿದರು. ಒಬ್ಬ ಹೋಗುವಾಗ, "ಅಕ್ಕಾ, ಮುಂದಿನ್ಸಲಾನೂ ಕರಿ. ಹುಳಿ ಆದ್ರೂ ಪರ್ವಾಗಿಲ್ಲ" ಎಂದ. ನನಗೆ ನಗು ಬಂತು, ಹೊಟ್ಟೆಯಲ್ಲಿದ್ದದ್ದೂ ಒದೆಯಿತು.

ಕ್ರಿಸ್ಮಸ್ ಹೊತ್ತಿಗೆ ಹೆರಿಗೆ ಎಂದಿದ್ದಾರೆ. ನನ್ನ ಬಯಕೆ ಏನು ಗೊತ್ತೇ? ಒಗಿರಿ. ಹುದುಗಿಸಿದ ಬೀಜದ ಆ ನಾತವನ್ನು ಒಂದು ಸಲ ಮೂಗಿನ ತುಂಬ ಎಳೆದುಕೊಳ್ಳಬೇಕು. ನೀನು ಬಾಣಂತನಕ್ಕೆ ಬರುತ್ತೀಯಲ್ಲ? ಅಮ್ಮ ಬಾರದ ಬಾಣಂತನ ನಮ್ಮ ಬೀದಿಯಲ್ಲಿ ಯಾರಿಗೂ ಆದದ್ದು ನಾನು ಕಂಡಿಲ್ಲ. ಬಾ.

ನಿನ್ನ ಹಿರಿಮಗಳು,
ಉಜೊ


ಎನುಗು
19 ಅಕ್ಟೋಬರ್ 1987

ನನ್ನ ಉಜೊ,

ಹುಳಿ ಎಗೂಸಿಯ ಕಥೆಯನ್ನು ಒಗ್ಬೆಟೆ ಸಂತೆಯ ಮೀನಿನ ಸಾಲಿಗೆಲ್ಲ ಓದಿ ಹೇಳಿದೆ. ಮಾ ಒಯಿರಿದಿಯಾ ನಕ್ಕೂ ನಕ್ಕೂ ತನ್ನ ಮೀನಿನ ಬುಟ್ಟಿಯ ಮೇಲೇ ಬಿದ್ದಳು. ನನ್ನ ಅಡುಗೆಯ ಹೆಸರು ಕೆಡಿಸಿದೆ ನೀನು, ಇರಲಿ.

ಬರುವುದಕ್ಕೆ ಆಗುವುದಿಲ್ಲ ಮಗಳೇ. ಪಾಸ್‌ಪೋರ್ಟಿಗೆಂದು ಅಲೆದೂ ಅಲೆದೂ ಚಪ್ಪಲಿ ಸವೆಯಿತು. ಇವತ್ತು ಸಾಹೇಬರಿಲ್ಲ, ನಾಳೆ ಪುಸ್ತಕವಿಲ್ಲ. ಪಾಸ್‌ಪೋರ್ಟ್ ಸಿಕ್ಕಿದರೂ ಟಿಕೆಟ್ಟು ಈಗ ನನ್ನಂಥವರ ಕೈಗೆಟುಕುವ ಮಾತಲ್ಲ. ಇದನ್ನು ಬರೆಯುವಾಗ ನನಗೆ ಎಷ್ಟು ಸಿಟ್ಟು ಬರುತ್ತಿದೆ ಎಂದರೆ ಪೆನ್ನು ಕಾಗದ ಹರಿಯುತ್ತಿದೆ, ನೋಡು.

ನಿನ್ನ ಅತ್ತೆಯವರು ಸಂತೆಗೆ ಬಂದಿದ್ದರು. "ನೀವು ಹೋಗ್ದಿದ್ರೆ ಬಿಡಿ ಬೀಗಿತ್ತಿ, ನಾನೇ ಹೋಗಿ ಬಾಣಂತನ ಮಾಡ್ಕೊಂಡು ಬರ್ತೀನಿ" ಎಂದರು.

"ಹೋಗ್ಬನ್ನಿ. ವಿಮಾನದ ರೆಕ್ಕೆ ಮೇಲೆ ಜಾಗ ಇದೆಯಂತೆ" ಎಂದೆ. ಮೀನನ್ನೂ ಕೊಳ್ಳದೆ ಹೋದರು.

ನಾನು ಬಾರದಿದ್ದರೇನು, ಬಾಣಂತನ ಬರುತ್ತದೆ. ನಮ್ಮ ಬೀದಿಯ ಚಿನ್ವೆಂಡು ವಾರ್ಸಾದಲ್ಲಿ ನರ್ಸಿಂಗ್ ಓದುತ್ತಿದ್ದಾಳಲ್ಲ, ಅಣ್ಣನ ಮದುವೆಗೆಂದು ಕ್ರಿಸ್ಮಸ್ಸಿಗೆ ಊರಿಗೆ ಬರುತ್ತಾಳೆ. ಹೊಸ ವರ್ಷಕ್ಕೆ ವಾಪಸು. ಅವಳ ಕೈಯಲ್ಲಿ ಎಲ್ಲ ಕಳಿಸುತ್ತೇನೆ: ನಾನೇ ಹೊಗೆ ಹಾಕಿದ ಮೀನು, ಮಸಾಲೆಯ ಉದಾ ಕಾಯಿ, ಖಾರದ ಕಾಳು, ನೀನು ಬಯಸಿದ ಒಗಿರಿ, ಒಂದು ಹೆಗ್ಗೆಣಸು. ಒಗಿರಿಯನ್ನು ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ ಸುತ್ತಿ ಕೊಡುತ್ತೇನೆ, ಇಲ್ಲದಿದ್ದರೆ ವಿಮಾನವನ್ನು ಅರ್ಧ ದಾರಿಯಲ್ಲೇ ಇಳಿಸಿಯಾರು.

ಬಾಣಂತಿ ಸಾರು ಮಾಡುವುದು ಮರೆತಿದ್ದೀಯೇನೋ. ಗೆಣಸನ್ನು ಹೋಳು ಮಾಡಿ ನೀರು ಜಾಸ್ತಿ ಇಟ್ಟು ಬೇಯಿಸು. ಉದಾ ಕಾಯಿಯನ್ನು ಸುಟ್ಟು ಜಜ್ಜಿ ಹಾಕು. ಒಗಿರಿ ಕೊನೆಗೆ. ಹೊಗೆಯಾಡುತ್ತಿರುವಾಗಲೇ ಕುಡಿಯಬೇಕು. ಬಾಯಿ ಸುಡಬೇಕು, ಬೆವರು ಇಳಿಯಬೇಕು. ಹೆತ್ತ ಹೊಟ್ಟೆಯಲ್ಲಿ ನಿಂತ ಕೆಟ್ಟ ರಕ್ತವನ್ನೆಲ್ಲ ಅದು ಹೊರಗೆ ಹಾಕುತ್ತದೆ. ನಮ್ಮ ಒಮುಗ್ವೊ, ನಮ್ಮ ಬಾಣಂತನ ಏನೆಂದು ಅಲ್ಲಿನ ದಾದಿಯರಿಗೆ ಏನು ಗೊತ್ತು? ತಣ್ಣನೆಯ ಹಾಲು ಕೊಟ್ಟರೆ ಕುಡಿಯಬೇಡ.

ನಿನ್ನ ಅಮ್ಮ


ವೂಚ್
9 ಜನವರಿ 1988

ಅಮ್ಮ,

ಎರಡು ಟೆಲಿಗ್ರಾಮೂ ತಲುಪಿರಬೇಕು.

ಹೆಣ್ಣು ಮಗು. ಕ್ರಿಸ್ಮಸ್ ಕಳೆದ ಮೇಲೆ ಹುಟ್ಟಿತು. ಮೂರನೆಯ ದಿನ ಬೆಳಿಗ್ಗೆ ಇರಲಿಲ್ಲ. ಹುಟ್ಟುವಾಗಲೇ ಹೃದಯದಲ್ಲಿ ದೋಷವಿತ್ತಂತೆ. ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಹೇಳಿದರು. ನಾನು ತಲೆಯಾಡಿಸಿದೆ.

ಇಲ್ಲಿ ಹೆರಿಗೆ ವಾರ್ಡಿಗೆ ಗಂಡಂದಿರನ್ನು ಬಿಡುವುದಿಲ್ಲ. ಅವರು ಕೆಳಗೆ ಹಿಮದಲ್ಲಿ ನಿಂತಿರುತ್ತಾರೆ, ಹೆಂಗಸರು ಕಿಟಕಿಯಿಂದ ಮಗುವನ್ನು ಎತ್ತಿ ತೋರಿಸುತ್ತಾರೆ. ಆ ಬೆಳಿಗ್ಗೆಯೂ ಒಬಿಯೋರಾ ಬಂದು ನಿಂತಿದ್ದ. ಅವನಿಗೆ ಇನ್ನೂ ಗೊತ್ತಿರಲಿಲ್ಲ. ಕೈಯಲ್ಲಿ ಏನೋ ಡಬ್ಬಿ ಹಿಡಿದಿದ್ದ. "ಪಾಪೂನ ತೋರ್ಸೇ!" ಎಂದು ಕೂಗಿದ. ನಾನು ಕೈ ಬೀಸಿದೆ. ಅವನೂ ಬೀಸಿದ. ಅಷ್ಟರಲ್ಲಿ ದಾದಿಯೊಬ್ಬಳು ಕೋಟು ಹಾಕಿಕೊಂಡು ಅವನ ಕಡೆ ನಡೆದು ಹೋಗುವುದು ಕಾಣಿಸಿತು. ನಾನು ಕಿಟಕಿಯಿಂದ ಈಚೆಗೆ ಬಂದೆ.

ಮಣ್ಣು ಮಾಡಲು ಅವನೊಬ್ಬನೇ ಹೋಗಿದ್ದ. ನಾನಿನ್ನೂ ಹಾಸಿಗೆಯಲ್ಲಿದ್ದೆ.

ಹಾಲು ಬಂತು. ನಮ್ಮ ಹಾಸ್ಟೆಲಿನ ಬಾಗಿಲು ಕಾಯುವ ಬೋಜೆನಾ ಎಂಬಾಕೆ ಕೋಸಿನ ಎಲೆಗಳನ್ನು ತಂದು ಎದೆಯ ಮೇಲಿಟ್ಟು ಕಟ್ಟಿದಳು. ಹಾಗೆ ಮಾಡಿದರೆ ಹಾಲು ಇಂಗುತ್ತದಂತೆ. ಇಂಗಿತು. ಈಗ ಕೋಣೆಯೆಲ್ಲ ಕೋಸಿನ ವಾಸನೆ.

ನಮ್ಮೂರ ಹೆಂಗಸರು ಬಂದು ಕೂತಿದ್ದರು. "ಅಳ್ಬೇಡ ಕಣೇ. ಕಣ್ಣೀರು ಹಾಕಿದ್ರೆ ಮುಂದಿನ ಮಗೂಗೆ ದಾರಿ ಸಿಗಲ್ಲ" ಎಂದರು. ಸರಿ ಎಂದೆ. ನಾನು ಅಳುತ್ತಲೇ ಇರಲಿಲ್ಲ. ಬ್ರೆಡ್ಡು, ಸೂಪು, ಏನು ಕೊಟ್ಟರೂ ತಿನ್ನುತ್ತೇನೆ. ಒಂದಕ್ಕೂ ರುಚಿ ಇಲ್ಲ, ಉಪ್ಪು ಯಾವುದು ಸಿಹಿ ಯಾವುದು ತಿಳಿಯುತ್ತಿಲ್ಲ.

ಉಜೊ


ಎನುಗು
25 ಜನವರಿ 1988

ಮಗಳೇ,

ನಿನ್ನ ಕಾಗದವೇನೂ ಬಂದಿಲ್ಲ, ಟೆಲಿಗ್ರಾಮು ಬಂದಿದೆ. ಎರಡನೆಯದು ತಡವಾಗಿ ಬಂತು. ಅಷ್ಟರಲ್ಲಿ ಚಿನ್ವೆಂಡು ಸಾಮಾನು ತೆಗೆದುಕೊಂಡು ಹೊರಟಾಗಿತ್ತು.

ಸಂತೆಗೆ ಹೋಗುತ್ತೇನೆ, ಬರುತ್ತೇನೆ. ಈ ಸಲದ ಧೂಳುಗಾಳಿ ಜೋರಾಗಿದೆ, ಮೀನಿನ ಮೇಲೆಲ್ಲ ಧೂಳು ಕೂರುತ್ತದೆ. ಒರೆಸುತ್ತೇನೆ, ಮತ್ತೆ ಕೂರುತ್ತದೆ. ಇಡೀ ದಿನ ಅದನ್ನೇ ಮಾಡುತ್ತಿದ್ದೇನೆ.

ಸಾಮಾನು ನಿನ್ನ ಕೈಸೇರಿರಬೇಕು. ಸಾರು ಕುಡಿದೆಯಾ? ಅದೊಂದನ್ನು ಬರೆ. ಮಗು ಇಲ್ಲವೆಂದು ಸಾರು ಬಿಡಬೇಡ. ಮಗು ಉಳಿದಿರಲಿ ಬಿಡಲಿ, ಹೆತ್ತ ಹೊಟ್ಟೆ ಹೆತ್ತ ಹೊಟ್ಟೆಯೇ. ನಾನು ಅಲ್ಲಿದ್ದಿದ್ದರೆ ಮೂಗು ಹಿಡಿದು ಕುಡಿಸುತ್ತಿದ್ದೆ. ಬಿಸಿನೀರಿನ ಬಟ್ಟೆಯಿಂದ ಹೊಟ್ಟೆ ಒತ್ತುತ್ತಿದ್ದೆ, ನೀನು ಕಿರುಚುತ್ತಿದ್ದೆ, ನಾನು ಬೈಯುತ್ತಿದ್ದೆ. ಅದೊಂದೂ ಆಗದೆ ನನ್ನ ಕೈಗಳು ಸುಮ್ಮನೆ ಬಿದ್ದಿವೆ.

ಕುಡಿದೆ ಎಂದು ಬರೆ.

ನಿನ್ನ ಅಮ್ಮ


ವೂಚ್
14 ಫೆಬ್ರವರಿ 1988

ಅಮ್ಮ,

ನಿನ್ನಿಂದ ಕಾಗದವಿಲ್ಲ. ಬರುತ್ತದೆ ಎಂದು ಇಷ್ಟು ದಿನ ಕಾದೆ, ಈಗ ನಾನೇ ಬರೆಯುತ್ತಿದ್ದೇನೆ.

ಚಿನ್ವೆಂಡು ಜನವರಿ ಕೊನೆಗೆ ವಾರ್ಸಾದಿಂದ ನನ್ನನ್ನು ನೋಡಲು ಬಂದಿದ್ದಳು. ಕಿತ್ತಳೆಹಣ್ಣು ತಂದಿದ್ದಳು. ಅಣ್ಣನ ಮದುವೆ, ಹೆಂಡತಿಯ ಕಡೆಯವರ ಜಂಬ, ಧೂಳುಗಾಳಿ ಎಲ್ಲ ಹೇಳಿದಳು. ನಾನು ಅವಳ ಚೀಲವನ್ನೇ ನೋಡುತ್ತಿದ್ದೆ. ಅವಳು ಚೀಲ ಬಿಚ್ಚಲಿಲ್ಲ. ಕೊನೆಗೆ ಬಾಯಿಬಿಟ್ಟು ಕೇಳಿದೆ.

"ಅಮ್ಮ ಏನಾದ್ರೂ ಕೊಟ್ಟಿದಾರಾ?"

"ಅಮ್ಮ... ತುಂಬಾ ಕೇಳಿದ್ರು ಅಕ್ಕಾ ನಿನ್ನ. ಚೆನ್ನಾಗ್ ನೋಡ್ಕೋ ಅಂದ್ರು" ಎಂದಳು. ಎದ್ದು ಹೊರಟುಬಿಟ್ಟಳು. ರೈಲಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ನನಗೆ ಅರ್ಥವಾಯಿತು. ಹುಟ್ಟಿದ ಟೆಲಿಗ್ರಾಮಿಗೆ ನೀನು ಗಂಟು ಕಟ್ಟಿದೆ, ಸತ್ತ ಟೆಲಿಗ್ರಾಮಿಗೆ ಗಂಟು ಬಿಚ್ಚಿದೆ. ಮಗುವಿಲ್ಲದವಳಿಗೆ ಬಾಣಂತನ ಯಾಕೆ, ಅಲ್ಲವೇ? ನೀನು ಮಾಡಿದ್ದು ನಮ್ಮ ರೂಢಿಗೆ ಸರಿಯಾಗೇ ಇರಬಹುದು. ನಮ್ಮ ಬೀದಿಯಲ್ಲಿ ಇಂಥದ್ದು ಆದಾಗ ಹೆಂಗಸರು ಮೆಲ್ಲಗೆ ತೊಟ್ಟಿಲು ಎತ್ತಿಡುತ್ತಿದ್ದದ್ದು, ಏನೂ ಆಗಲಿಲ್ಲವೆಂಬಂತೆ ಮಾತು ಬದಲಿಸುತ್ತಿದ್ದದ್ದು ನನಗೆ ನೆನಪಿದೆ. ಇಲ್ಲಿಯೂ ಹಾಗೇ ಇದ್ದಾರೆ. ಒಬಿಯೋರಾ ಕೂಡ ಹಾಗೇ ಇದ್ದಾನೆ. ಲ್ಯಾಬಿಗೆ ಹೋಗುತ್ತಾನೆ, ಬಂದು ರವೆ ಮುದ್ದೆ ತಿರುವುತ್ತಾನೆ, ಇಬ್ಬರೂ ನುಂಗಿ ಮಲಗುತ್ತೇವೆ.

ಅವರೆಲ್ಲ ಹಾಗಿದ್ದರೆ ನನಗೆ ಏನೂ ಅನಿಸುವುದಿಲ್ಲ. ನೀನೂ ಹಾಗೆಂದುಕೊಂಡೆಯಾ ಎಂಬುದೊಂದು ಮಾತ್ರ ತಿಳಿಯಬೇಕು. ನಾನು ಹೆತ್ತೆನೋ ಇಲ್ಲವೋ? ಹೇಳು ಅಮ್ಮ. ಹೆರಲಿಲ್ಲ ಎನ್ನುವುದಾದರೆ ಹಾಗೇ ಬರೆದುಬಿಡು, ನಾನೂ ಹಾಗೆಯೇ ಇದ್ದುಬಿಡುತ್ತೇನೆ.

ಉಜೊ


ವೂಚ್
7 ಮಾರ್ಚ್ 1988

ಅಮ್ಮ,

ನಿನ್ನ ಜನವರಿಯ ಕಾಗದ ಹೋದ ವಾರ ಬಂತು. ಲಕೋಟೆ ಎಲ್ಲೆಲ್ಲೋ ಸುತ್ತಿ ಮೈತುಂಬ ಮುದ್ರೆ ಹಾಕಿಸಿಕೊಂಡು ಬಂದಿದೆ. "ಸಾರು ಕುಡಿದೆಯಾ" ಎಂಬಲ್ಲಿಗೆ ಬಂದು ನಿಂತೆ. ಕಾಗದವನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡು ವಾರ್ಸಾದ ರೈಲು ಹತ್ತಿದೆ. ಒಬಿಯೋರಾನಿಗೆ ಹೇಳಲೂ ಇಲ್ಲ.

ಚಿನ್ವೆಂಡುವಿನ ಹಾಸ್ಟೆಲಿನಲ್ಲಿ ಮೆಟ್ಟಿಲು ಹತ್ತುತ್ತಿದ್ದ ಹಾಗೇ ಒಗಿರಿಯ ನಾತ ಬಂತು. ಬಾಗಿಲಲ್ಲಿ ವಾರ್ಡನ್ ಹೆಂಗಸು ಮೂಗಿಗೆ ಕರವಸ್ತ್ರ ಹಿಡಿದು ಅವಳನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಮಹಡಿಯಲ್ಲಿ ಎಲ್ಲೋ ಇಲಿ ಸತ್ತಿದೆಯೆಂದು ಎಲ್ಲರ ಮಂಚದಡಿಯನ್ನೂ ಹುಡುಕಿ ಬಂದಿದ್ದಳಂತೆ. ಚಿನ್ವೆಂಡು ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು. ನಾನು ನಿನ್ನ ಕಾಗದವನ್ನು ಅವಳ ಕೈಗೆ ಕೊಟ್ಟೆ. ಓದಿ ಮಂಚದ ಮೇಲೆ ಕೂತಳು.

"ನಾನ್ ಬಂದಿಳಿದ ದಿನಾನೇ ವಿಷಯ ಗೊತ್ತಾಯ್ತು ಅಕ್ಕಾ. ಅಮ್ಮ ಕುಣ್ಕೊಂಡು ಕೊಟ್ಟಿದ್ರು ಈ ಗಂಟು. ಮಗು ಕಳ್ಕೊಂಡವಳ ಮುಂದೆ ಬಾಣಂತಿ ಸಾಮಾನು ಹೇಗಪ್ಪಾ ಇಡೋದು ಅಂತ... ನಮ್ಮಲ್ಲಿ ಯಾರ್ ತಾನೇ ಇಡ್ತಾರೆ?"

"ಬಿಸಾಕ್ಬೋದಿತ್ತಲ್ಲ."

"ಅಮ್ಮನ ಕೈಯಿಂದು. ಹೇಗ್ ಬಿಸಾಕ್ಲಿ?"

ಇಲ್ಲಿ ಕಿಟಕಿಗಳಿಗೆ ಎರಡು ಪದರ ಗಾಜು. ನಡುವಿನ ಸಂದಿಯಲ್ಲಿ ಚಳಿಗಾಲದ ತುಂಬ ಬೆಣ್ಣೆ, ಮಾಂಸ ಇಡುತ್ತಾರೆ. ಅಲ್ಲಿ ನಿನ್ನ ಗಂಟನ್ನು ಇಟ್ಟಿದ್ದಳು. ಹಿಮ ಇದ್ದಷ್ಟು ದಿನ ಒಗಿರಿ ಸುಮ್ಮನಿತ್ತು. ಬಿಸಿಲು ಬಂದದ್ದೇ ತಡ, ತಾನಿದ್ದೇನೆ ಎಂದು ಇಡೀ ಕಟ್ಟಡಕ್ಕೆ ಹೇಳಿತು.

ಮೀನು ಚೆನ್ನಾಗಿಯೇ ಇತ್ತು. ಉದಾ, ಕಾಳು ಎಲ್ಲವೂ ಚೆನ್ನಾಗಿದ್ದವು. ಹೆಗ್ಗೆಣಸು ಮಾತ್ರ ಚಳಿಗೆ ಒಳಗೆಲ್ಲ ಕಪ್ಪಾಗಿ ಕೊಳೆತುಹೋಗಿತ್ತು. ನಾನು ಕೊಯ್ಯುತ್ತಲೇ ಹೋದೆ, ಎಲ್ಲಾದರೂ ಬಿಳಿ ಸಿಕ್ಕೀತೆಂದು. ಚಿನ್ವೆಂಡು ನನ್ನ ಕೈಯಿಂದ ಚಾಕು ಕಿತ್ತುಕೊಂಡಳು. "ಸಾಕು ಬಿಡಕ್ಕಾ" ಎಂದಳು. ಕೆಳಗೆ ಹೋಗಿ ವಾರ್ಡನ್ ಹತ್ತಿರವೇ ಆಲೂಗಡ್ಡೆ ಕೇಳಿ ತಂದಳು.

ನೀನು ಬರೆದಂತೆಯೇ ಮಾಡಿದಳು. ಉದಾ ಕಾಯಿಯನ್ನು ಗ್ಯಾಸಿನ ಉರಿಯಲ್ಲಿ ಸುಟ್ಟಳು. ಹೊಗೆಗೆ ಪಕ್ಕದ ಕೋಣೆಯವರು ಕೆಮ್ಮುತ್ತ ಬಂದು ಬೈದು ಹೋದರು. ಬಟ್ಟಲು ಕೈಗೆ ಕೊಟ್ಟಾಗ ಹಿಡಿಯಲಾರದಷ್ಟು ಬಿಸಿ. ಕುಡಿದೆ. ನಾಲಗೆ ಸುಟ್ಟಿತು, ಗಂಟಲು ಸುಟ್ಟಿತು, ಮೂಗಿನಲ್ಲಿ ನೀರು ಸುರಿಯಿತು. ರುಚಿ ಇನ್ನೂ ತಿಳಿಯಲಿಲ್ಲ ಅಮ್ಮ, ಸುಳ್ಳು ಹೇಳುವುದಿಲ್ಲ. ಉರಿ ತಿಳಿಯಿತು. ಚಿನ್ವೆಂಡು ಎದುರಿಗೆ ಕೂತು ಅಳುತ್ತಿದ್ದಳು. ನಾನು ಅಳಲಿಲ್ಲ. "ಇನ್ನೊಂದ್ ಬಟ್ಟಲು ಹಾಕು" ಎಂದೆ. ಬೆನ್ನಿನ ಮೇಲೆ ಬೆವರು ಇಳಿಯಿತು. ಆಮೇಲೆ ಅವಳ ಮಂಚದ ಮೇಲೆ ಮಲಗಿ ನಿದ್ದೆ ಹೋದೆ.

ಉಳಿದ ಸಾಮಾನನ್ನು ತಂದಿದ್ದೇನೆ. ದಿನವೂ ಆಲೂಗಡ್ಡೆ ಹಾಕಿ ಒಬಿಯೋರಾ ಮಾಡಿಕೊಡುತ್ತಿದ್ದಾನೆ. ಮೊದಲ ದಿನ ಸೌಟು ಹಿಡಿದು ನಿಂತು, "ಇದನ್ನ ಗಂಡಸ್ರು ಮಾಡ್ಬೋದೇನೇ?" ಎಂದ. ಇಲ್ಲಿ ಬೇರೆ ಯಾರಿದ್ದಾರೆ ಎಂದೆ. ಸುಮ್ಮನೆ ಮಾಡಿದ.

ಫೆಬ್ರವರಿಯಲ್ಲಿ ನಿನಗೊಂದು ಕಾಗದ ಹಾಕಿದ್ದೇನೆ. ಅದು ಈಗ ದಾರಿಯಲ್ಲಿರಬೇಕು, ತಡೆಯಲಾಗದು. ಅದರಲ್ಲಿ ನಿನ್ನನ್ನು ಬೈದದ್ದನ್ನು ಮರೆತುಬಿಡು, ಆದರೆ ಕೇಳಿದ ಪ್ರಶ್ನೆಯನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಸಾರು ಹೊಟ್ಟೆಗೆ ಎಂದು ನೀನು ಬರೆದೆ. ಹೊಟ್ಟೆಯ ಮಾತು ಸರಿ. ಸಂತೆಯಲ್ಲಿ ಯಾರಾದರೂ ನಿನ್ನ ಮಗಳ ಸುದ್ದಿ ಕೇಳಿದರೆ ನೀನು ಏನು ಹೇಳುತ್ತೀಯ?

ಉಜೊ


ಎನುಗು
4 ಏಪ್ರಿಲ್ 1988

ನನ್ನ ಉಜೊ,

ನಿನ್ನ ಎರಡು ಕಾಗದಗಳೂ ಒಂದೇ ದಿನ ಬಂದವು. ಫೆಬ್ರವರಿಯದನ್ನೇ ಮೊದಲು ಒಡೆದೆ. ಎರಡನೆಯದು ಪಕ್ಕದಲ್ಲಿ ಇರದೇ ಹೋಗಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ಚಿನ್ವೆಂಡುವಿನ ಕಿವಿ ಹಿಂಡಬೇಕು, ಅವಳಿಗೊಂದು ಒಳ್ಳೆಯ ಬಟ್ಟೆಯನ್ನೂ ಕೊಡಬೇಕು. ಮೊದಲು ಯಾವುದು ಎಂದು ಅವಳು ಊರಿಗೆ ಬಂದಾಗ ನೋಡೋಣ.

ಏನು ಹೇಳುತ್ತೀಯ ಎಂದು ಕೇಳಿದ್ದೀಯ. ಹೇಳುತ್ತೇನೆ.

ಹುಟ್ಟಿದ ಟೆಲಿಗ್ರಾಮು ಬಂದ ದಿನ ಎಲ್ಲ ಅಜ್ಜಿಯರಂತೆ ನಾನೂ ಕೊರಳಿಗೆ ಬಿಳಿ ಪೌಡರು ಬಳಿದುಕೊಂಡು ಸಂತೆಗೆ ಹೋದೆ. ಮೀನಿನ ಸಾಲಿನ ಪ್ರತಿಯೊಬ್ಬಳ ಕೊರಳಿಗೂ ಬಳಿದೆ. ಹಾಡಿದೆವು. ಎರಡನೆಯ ಟೆಲಿಗ್ರಾಮು ಬಂದ ಮೇಲೆ ಅವರೆಲ್ಲ ಕೊರಳು ತೊಳೆದುಕೊಂಡು ಬಂದರು. ನಾನು ಮಾತ್ರ ಬೆಳಿಗ್ಗೆ ಎದ್ದು ಸ್ನಾನ ಮಾಡಿ ಮತ್ತೆ ಪೌಡರು ಬಳಿದುಕೊಂಡೇ ಹೋದೆ. ಮಾ ಒಯಿರಿದಿಯಾ ಒದ್ದೆ ಬಟ್ಟೆ ಹಿಡಿದು ನನ್ನ ಮೇಲೇ ಬಂದಳು.

"ತಲೆ ಕೆಟ್ಟಿದೆಯೇನೇ ನಿಂಗೆ? ಒರೆಸ್ಕೋ ಅದನ್ನ! ನೋಡ್ದೋರು ಏನಂದಾರು?"

"ನನ್ನ ಮಗಳು ಹೆತ್ತಿದಾಳೆ ತಾಯಿ. ಬಾಣಂತನ ಮುಗೀಲಿ, ಒರೆಸ್ಕೋತೀನಿ."

"ಯಾರ ಬಾಣಂತನವೇ? ಎಲ್ಲಿದೆ ಮಗು?"

"ಮಗೂಗಲ್ಲ, ಹೆತ್ತೋಳಿಗೆ" ಎಂದೆ. ಅವಳು ಆ ವಾರ ಪೂರ್ತಿ ನನ್ನ ಜತೆ ಮಾತಾಡಲಿಲ್ಲ.

ಬಾಣಂತನದ ಅವಧಿ ಮುಗಿಯುವ ತನಕ ಪೌಡರು ಹಾಕಿಕೊಂಡೇ ಕೂತೆ. ವಿಷಯ ಗೊತ್ತಿಲ್ಲದ ಗಿರಾಕಿಗಳು ಕೊರಳು ನೋಡಿ ಮುಖ ಅರಳಿಸುತ್ತಿದ್ದರು. "ಓಹೋ ಅಮ್ಮಾ, ಮೊಮ್ಮಗು ಬಂತಾ? ಗಂಡೋ ಹೆಣ್ಣೋ?" ಹೆಣ್ಣು ಎನ್ನುತ್ತಿದ್ದೆ. "ಚೆನ್ನಾಗಿದೆಯಾ?" ಎಂದರೆ, ತೀರಿಕೊಂಡಳು ಎನ್ನುತ್ತಿದ್ದೆ. ಅವರು ಮೀನು ಹಿಡಿದುಕೊಂಡು ಹಾಗೇ ನಿಲ್ಲುತ್ತಿದ್ದರು. ಕೆಲವರು ಚಿಲ್ಲರೆ ಮರೆತು ಹೋದರು. ಹಾಗೆ ಹೇಳುವುದು ನನಗೆ ಸುಲಭವಾಗಿರಲಿಲ್ಲ ಮಗಳೇ. ಆದರೆ ಯಾರೂ ಕೇಳದೇ ಹೋದ ದಿನ ಇನ್ನೂ ಕಷ್ಟವಾಗುತ್ತಿತ್ತು. ಈಗ ಪೌಡರಿಲ್ಲ, ಆದರೂ ಕೇಳಿದವರಿಗೆ ಅದೇ ಉತ್ತರ.

ನಿನ್ನ ಅತ್ತೆಯವರೂ ಬಂದಿದ್ದರು. ನನ್ನ ಕೊರಳನ್ನು ನೋಡಿದರು. ಈ ಸಲ ಮೀನು ಕೊಂಡರು.

ಇನ್ನೊಂದು ಮಾತಿದೆ. ಹೆಸರಿಡುವ ದಿನ ಬಂದಿದ್ದರೆ ತಾಯಿಯ ತಾಯಿಯಾಗಿ ನಾನೂ ಒಂದು ಹೆಸರು ಹೇಳಬೇಕಿತ್ತು. ಆ ದಿನದ ತನಕ ಅವಳು ಇರಲಿಲ್ಲ, ಹಾಗಾಗಿ ಯಾರೂ ನನ್ನನ್ನು ಕೇಳಲಿಲ್ಲ. ಹೆಸರಿಡುವ ಮೊದಲೇ ಹೋದ ಮಗುವಿಗೆ ಹೆಸರಿಡಬಾರದು ಎನ್ನುತ್ತಾರೆ. ಎನ್ನಲಿ. ನಾನು ಆರಿಸಿದ್ದು ನನ್ನ ತಾಯಿಯ ಹೆಸರು, ಬೇರೆ ಯಾರಿಗೂ ಅದನ್ನು ಕೊಡುವುದಿಲ್ಲ. ನಿನಗೆ ಇಷ್ಟವಾಗದಿದ್ದರೆ ಬರೆ, ಕಾಗದದಲ್ಲೇ ಜಗಳವಾಡೋಣ.

ಉಗೊನ್ನೆಯ ಅಜ್ಜಿ